ಗಾಳೀಲಿ ಯಾರ ಪಾಲು ಎಷ್ಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಸುಮಾರು ಪಾರ್ಷಿಯಲ್ ಪ್ರೆಶರ್ (ಮಿಶ್ರಣದ ಒಟ್ಟು ಒತ್ತಡದಲ್ಲಿ ಒಂದೊಂದು ಗ್ಯಾಸಿನ ಪಾಲು) ಸುತ್ತಾನೇ ಗಿರಕಿ ಹೊಡೀತಿದ್ವು, ಪಿಯು ಮಕ್ಕಳಿಂದ ಹಿಡಿದು ಆಸ್ಪತ್ರೆ ಸಿಸ್ಟರ್ ತನಕ. ಹಾಗಾಗಿ ಬೇರೆಯವ್ರನ್ನ ಮುಂದಿನ ಸಲಕ್ಕೆ ಇಟ್ಕೊಂಡು ಇವನ್ನೇ ಮುಗಿಸಿಬಿಡೋಣ.

ಪ್ರಶ್ನೆ: ಸರ್, ಸಮ ತೂಕದ ಮೀಥೇನ್ ಮತ್ತು ಆಕ್ಸಿಜನ್ ಒಂದು ಖಾಲಿ ಪಾತ್ರೆಗೆ ತುಂಬಿದ್ರೆ ಒಟ್ಟು ಪ್ರೆಶರ್‌ನಲ್ಲಿ ಆಕ್ಸಿಜನ್ ಪಾಲು ಎಷ್ಟು ಅಂತ ಮಾಕ್ ಟೆಸ್ಟಲ್ಲಿ ಬಂದಿತ್ತು. ತೂಕ ಸಮ ಅಂದ್ಮೇಲೆ ಅರ್ಧ ತಾನೇ? ಕೀ ಆನ್ಸರ್‌ನಲ್ಲಿ ಮೂರನೇ ಒಂದು ಭಾಗ ಅಂತಿದೆ. ಇನ್ನೊಂದು, ನೀರಿನ ಮೇಲೆ ಗ್ಯಾಸ್ ಹಿಡಿದಾಗ ಏನೋ ಕಳೀಬೇಕು ಅಂತಾರಲ್ಲ, ಅದು ಯಾಕೆ?
– ಸೆಕೆಂಡ್ ಪಿಯು ವಿದ್ಯಾರ್ಥಿನಿ, ವಿಜಯನಗರ

ಉತ್ತರ: ಕೀ ಆನ್ಸರ್ ಸರಿಯಾಗೇ ಇದೆ ನೋಡಮ್ಮ. ಬಿಎಂಟಿಸಿ ಕಂಡಕ್ಟರ್ ತಲೆ ಎಣಿಸಿ ಟಿಕೆಟ್ ಹರೀತಾನೇ ಹೊರತು ದಪ್ಪಗಿರೋರಿಗೆ ಎರಡು ಟಿಕೆಟ್ ಕೊಡಲ್ಲ, ಗ್ಯಾಸ್ ಪ್ರೆಶರ್ ಲೆಕ್ಕಾನೂ ಹಾಗೇ, ಎಷ್ಟು ಕಣ ಅನ್ನೋದಷ್ಟೇ ಬೇಕು. ಎರಡೂ 32 ಗ್ರಾಂ ತಗೋ. ಮೀಥೇನ್ 16 ಗ್ರಾಂಗೆ ಒಂದು ಮೋಲ್ (ಕಣ ಎಣಿಸೋ ಅಳತೆ), ಹಾಗಾಗಿ 2 ಮೋಲ್ ಆಯ್ತು. ಆಕ್ಸಿಜನ್ 32ಕ್ಕೆ ಒಂದು ಮೋಲ್, ಅಂದ್ರೆ 1. ಒಟ್ಟು 3ರಲ್ಲಿ ಆಕ್ಸಿಜನ್‌ದು 1. ಗೇಜ್ 3 ಅಟ್ಮಾಸ್ಫಿಯರ್ ತೋರಿಸ್ತಿದ್ರೆ ಅದರಲ್ಲಿ 1 ಆಕ್ಸಿಜನ್‌ದು, 2 ಮೀಥೇನ್‌ದು. ಮೋಲ್ ಫ್ರಾಕ್ಷನ್ (ಒಟ್ಟು ಮೋಲ್‌ನಲ್ಲಿ ಆ ಗ್ಯಾಸಿನ ಪಾಲು) ಇಂಟು ಒಟ್ಟು ಪ್ರೆಶರ್, ಅಷ್ಟೇ ಸೂತ್ರ.

ಆದ್ರೆ ನಿನಗೆ ಒಳಗೊಳಗೇ ಒಂದು ಡೌಟ್ ಇರುತ್ತೆ, ಭಾರದ ಕಣ ಗೋಡೆಗೆ ಬಡಿದ್ರೆ ಜೋರಾಗಿ ಬಡಿಯಲ್ವಾ ಅಂತ. ಒಳ್ಳೆ ಡೌಟೇ ಅದು, ಟ್ಯೂಷನ್‌ನಲ್ಲಿ ಯಾರೂ ಇದಕ್ಕೆ ಟೈಮ್ ಕೊಡಲ್ಲ. ಹೈಡ್ರೋಜನ್ ಮತ್ತು ಆಕ್ಸಿಜನ್ ಹಿಡ್ಕೊಂಡು ನೋಡು, ಲೆಕ್ಕ ಚೆನ್ನಾಗಿ ಕೂರುತ್ತೆ. ಹೈಡ್ರೋಜನ್ ತೂಕ ಆಕ್ಸಿಜನ್‌ನ 16ನೇ ಒಂದು ಭಾಗ, ಒಂದೇ ಟೆಂಪರೇಚರ್‌ನಲ್ಲಿ ಅದರ ಸ್ಪೀಡು 4 ಪಟ್ಟು. ಹಾಗಾದ್ರೆ ಒಂದೊಂದು ಏಟಿನ ಬಿಸಿ ಎಷ್ಟು? 16ನೇ ಒಂದು ಭಾಗ ಇಂಟು 4, ಅಂದ್ರೆ ಕಾಲು ಭಾಗ. ಆದ್ರೆ ಸ್ಪೀಡ್ 4 ಪಟ್ಟು ಇರೋದ್ರಿಂದ ಅದು ಗೋಡೆಗೆ ಬಂದು ಬಡಿಯೋದೂ 4 ಪಟ್ಟು ಸಲ. ಕಾಲು ಇಂಟು 4 ಮತ್ತೆ 1ಕ್ಕೇ ಬಂತು. ತೂಕ ಹೊಡೆದುಹೋಯ್ತು.

ಈಗ ನೀರಿನ ವಿಷಯ. ಗ್ಯಾಸ್ ಜಾರ್ ನೀರಲ್ಲಿ ಬೋರಲು ಹಾಕಿ ಆಕ್ಸಿಜನ್ ಹಿಡೀತೀಯಲ್ಲ, ಒಳಗೆ ಸೇರೋದು ಬರೀ ಆಕ್ಸಿಜನ್ ಅಲ್ಲ, ನೀರಿನ ಆವಿಯೂ ಸೇರ್ಕೊಳ್ಳುತ್ತೆ. 25 ಡಿಗ್ರೀಲಿ ಆವಿಯ ಪಾಲು ಹತ್ತತ್ರ 24 ಎಂಎಂ ಪಾದರಸ (ಒತ್ತಡದ ಅಳತೆ, 760 ಎಂಎಂ ಅಂದ್ರೆ 1 ಅಟ್ಮಾಸ್ಫಿಯರ್). ಅದು ಟೆಂಪರೇಚರ್ ಮೇಲೆ ಮಾತ್ರ ನಿಂತಿರೋದು, ಜಾರ್‌ನಲ್ಲಿ ಇನ್ಯಾವ ಗ್ಯಾಸ್ ಇದೆ ಅನ್ನೋದು ಅದಕ್ಕೆ ಬೇಕಾಗಿಲ್ಲ. ಪ್ರಶ್ನೇಲಿ 'ನೀರಿನ ಮೇಲೆ ಸಂಗ್ರಹಿಸಿದ' ಅಥವಾ 'ತೇವ' ಅಂತ ಕಂಡ್ರೆ ಮೊದಲು ಅದನ್ನ ಕಳೆದು ಆಮೇಲೆ ಮೋಲ್ ಲೆಕ್ಕಕ್ಕೆ ಕೈ ಹಾಕು, 'ಡ್ರೈ' ಅಂದಿದ್ರೆ ಕಳೆಯೋದು ಬೇಡ.

ಕಾಲೇಜಲ್ಲಿ ಪ್ರಾಕ್ಟಿಕಲ್ ಮಾಡೋರಿಗೆ ಒಂದು ಮಾತು. ಪುಸ್ತಕದಲ್ಲಿ 760 ಎಂಎಂ ಅಂತ ಇರುತ್ತೆ, ಅದು ಸಮುದ್ರ ಮಟ್ಟದ್ದು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಬ್ಯಾರೋಮೀಟರ್ ಓದಿದ್ರೆ 684ರ ಆಸುಪಾಸು ಬರುತ್ತೆ. ಆವಿ ಕಳೆದ್ರೆ 660. ಬ್ಯಾರೋಮೀಟರ್ ಕಡೆ ತಿರುಗಿಯೂ ನೋಡದೆ, ಆವಿಯನ್ನೂ ಕಳೆಯದೆ 760 ಬರೆದುಬಿಟ್ರೆ ಮೋಲ್ ಸಂಖ್ಯೆ 15% ಜಾಸ್ತಿ ಬಂದು ಕೂರುತ್ತೆ, ಆಮೇಲೆ ಆಕ್ಸಿಜನ್ ತೆಗೆಯೋಕೆ ಕಾಯಿಸಿದ ಪೊಟ್ಯಾಶಿಯಂ ಕ್ಲೋರೇಟ್ ಕಲಬೆರಕೆ ಅಂತ ಅದನ್ನ ಬೈಯೋದು! ಜಾರ್ ಒಳಗಿನ ನೀರು, ಹೊರಗಿನ ನೀರು ಒಂದೇ ಮಟ್ಟಕ್ಕೆ ತಂದು ಓದ್ಬೇಕು ಅನ್ನೋದೂ ಇದಕ್ಕೇನೇ. ಒಳಗಿನ ನೀರು 6.8 ಸೆಂಟಿಮೀಟರ್ ಮೇಲಿದ್ರೆ ಒಳಗಿನ ಪ್ರೆಶರ್ ಹೊರಗಿಗಿಂತ 5 ಎಂಎಂ ಪಾದರಸದಷ್ಟು ಕಡಿಮೆ ಅಂತ ಲೆಕ್ಕ.

ಪ್ರಶ್ನೆ: ಈಕ್ವಿಲಿಬ್ರಿಯಂನಲ್ಲಿರೋ (ಎರಡೂ ದಿಕ್ಕಿನ ರಿಯಾಕ್ಷನ್ ಸಮವಾಗಿ ನಡೀತಿರೋ) ಗ್ಯಾಸ್ ಮಿಶ್ರಣಕ್ಕೆ ಹೀಲಿಯಂ ಸೇರಿಸಿದ್ರೆ ಒಂದ್ಕಡೆ ಏನೂ ಆಗಲ್ಲ ಅಂತಾರೆ, ಇನ್ನೊಂದ್ಕಡೆ ಶಿಫ್ಟ್ ಆಗುತ್ತೆ ಅಂತಾರೆ. ಯಾವ್ದು ನಂಬ್ಲಿ?
– ಸಿಇಟಿ ಬರೆಯೋ ಹುಡುಗ, ಯಲಹಂಕ

ಉತ್ತರ: ಎರಡನ್ನೂ ನಂಬಪ್ಪ, ಪ್ರಶ್ನೆ ಮಾತ್ರ ಪೂರ್ತಿ ಓದು. ಪಾತ್ರೆ ಸೈಜ್ ಬದಲಾಗದೆ ಹೀಲಿಯಂ ತುಂಬಿದ್ರೆ ಒಟ್ಟು ಪ್ರೆಶರ್ ಏರುತ್ತೆ, ಆದ್ರೆ ಮೊದಲಿದ್ದ ಗ್ಯಾಸ್‌ಗಳ ಮೋಲ್, ವಾಲ್ಯೂಮ್, ಟೆಂಪರೇಚರ್ ಯಾವ್ದೂ ಅಲುಗಾಡಿಲ್ಲ, ಹಾಗಾಗಿ ಅವುಗಳ ಪಾರ್ಷಿಯಲ್ ಪ್ರೆಶರ್ ಇದ್ದಲ್ಲೇ ಇರುತ್ತೆ, ಏನೂ ಶಿಫ್ಟ್ ಆಗಲ್ಲ. ಒಟ್ಟು ಪ್ರೆಶರ್ ಬದಲಾಗಬಾರದು ಅಂತ ಪಿಸ್ಟನ್ ಮೇಲೇರೋಕೆ ಬಿಟ್ರೆ ಎಲ್ಲರಿಗೂ ಜಾಗ ಜಾಸ್ತಿ ಆಗಿ ಪಾರ್ಷಿಯಲ್ ಪ್ರೆಶರ್ ಇಳಿಯುತ್ತೆ, ಆಗ ಮೋಲ್ ಜಾಸ್ತಿ ಇರೋ ಕಡೆಗೆ ಶಿಫ್ಟ್.

ಅಂದಹಾಗೆ ಒಂದೊಂದು ಗ್ಯಾಸಿನ ಪಾಲು ಕೂಡಿದ್ರೆ ಒಟ್ಟು ಪ್ರೆಶರ್ ಅನ್ನೋ ಈ ನಿಯಮದ ಡಾಲ್ಟನ್ ಮಹಾಶಯ ಮೂಲದಲ್ಲಿ ಹವಾಮಾನದ ಹುಚ್ಚಿನವನು, 1787ರಿಂದ 1844ರಲ್ಲಿ ಸಾಯೋ ತನಕ ಹವೆಯ ಡೈರಿ ಬರೆದವನು. ಗಾಳೀಲಿ ನೀರಾವಿ ಹೇಗೆ ಇರುತ್ತೆ ಅಂತ ತಲೆ ಕೆಡಿಸ್ಕೊಂಡೇ 1801ರಲ್ಲಿ ಈ ನಿಯಮಕ್ಕೆ ಬಂದಿದ್ದು. ಒಂದು ಗ್ಯಾಸಿನ ಕಣ ತನ್ನ ಜಾತಿಯ ಕಣವನ್ನ ಮಾತ್ರ ತಳ್ಳುತ್ತೆ ಅಂತ ಅವನು ಕೊಟ್ಟ ಕಾರಣ ತಪ್ಪು, ನಿಯಮ ಮಾತ್ರ ಸರಿ. ಇಂಥ ಅದೃಷ್ಟ ಪರೀಕ್ಷೇಲಿ ನಮಗೆ ಸಿಗಲ್ಲ, ಸ್ಟೆಪ್ಸ್‌ಗೆ ಮಾರ್ಕ್ಸ್ ಕಟ್ ಆಗುತ್ತೆ.

ಪ್ರಶ್ನೆ: ನಾನು ಐಸಿಯುನಲ್ಲಿ ಸ್ಟಾಫ್ ನರ್ಸ್. ಪುಸ್ತಕದಲ್ಲಿ ಶ್ವಾಸಕೋಶದ ಗಾಳಿಚೀಲದಲ್ಲಿ ಆಕ್ಸಿಜನ್ 100 ಎಂಎಂ ಇರುತ್ತೆ ಅಂತಿದೆ. ಆದ್ರೆ ಇಲ್ಲಿ ಆಕ್ಸಿಜನ್ ಹಚ್ಚದೇ ಇರೋ, ಚೆನ್ನಾಗೇ ಇರೋ ಜನರ ಬ್ಲಡ್ ಗ್ಯಾಸ್ ರಿಪೋರ್ಟ್‌ನಲ್ಲೂ 80ರ ಹತ್ರ ಬರುತ್ತೆ. ಮಷೀನ್ ತೊಂದ್ರೇನಾ?
– ಓದುಗರು, ಜಯನಗರ

ಉತ್ತರ: ಮಷೀನ್ ಸರಿ ಇದೆ ಸಿಸ್ಟರ್, ಪುಸ್ತಕ ಬರೆದೋರು ಸಮುದ್ರದ ಪಕ್ಕ ಕೂತು ಬರೆದಿದ್ದಾರೆ ಅಷ್ಟೇ. ಈ ಪ್ರಶ್ನೆ ನನಗೆ ಬಹಳ ಹಿಡಿಸ್ತು, ಯಾಕಂದ್ರೆ ಇಡೀ ಪಾರ್ಷಿಯಲ್ ಪ್ರೆಶರ್ ಲೆಕ್ಕ ಇದೊಂದರಲ್ಲೇ ಬಂದುಬಿಡುತ್ತೆ.

ಮಂಗಳೂರಲ್ಲಿ ಇರೋರದ್ದು ಮೊದಲು ಮಾಡೋಣ. ಹೊರಗೆ 760. ಮೂಗಿನಿಂದ ಒಳಗೆ ಹೋಗ್ತಾ ಗಾಳಿ 37 ಡಿಗ್ರಿಗೆ ಬಿಸಿಯಾಗಿ ಪೂರ್ತಿ ಒದ್ದೆಯಾಗುತ್ತೆ, ಆ ಆವಿಗೆ 47 ಎಂಎಂ ಹೋಯ್ತು, ಉಳಿದಿದ್ದು 713. ಅದರಲ್ಲಿ 21% ಆಕ್ಸಿಜನ್, ಅಂದ್ರೆ 150. ಗಾಳಿಚೀಲಕ್ಕೆ ರಕ್ತದಿಂದ ಕಾರ್ಬನ್ ಡೈಆಕ್ಸೈಡ್ ಬರ್ತಾ ಇರುತ್ತೆ, ಆಕ್ಸಿಜನ್ ರಕ್ತಕ್ಕೆ ಹೋಗ್ತಾ ಇರುತ್ತೆ, ಅದಕ್ಕೆ ಕಾರ್ಬನ್ ಡೈಆಕ್ಸೈಡ್‌ನ 40ನ್ನ 0.8ರಿಂದ (ಹೊರಬರೋ ಕಾರ್ಬನ್ ಡೈಆಕ್ಸೈಡ್‌ಗೂ ರಕ್ತಕ್ಕೆ ಹೋಗೋ ಆಕ್ಸಿಜನ್‌ಗೂ ಇರೋ ಅನುಪಾತ) ಭಾಗಿಸಿ ಬರೋ 50 ಕಳೀತಾರೆ. 150ರಲ್ಲಿ 50 ಹೋದ್ರೆ ನಿಮ್ಮ ಪುಸ್ತಕದ 100.

ಈಗ ಜಯನಗರ. ಹೊರಗೆ 683 ಅಂತ ಇಟ್ಕೊಳ್ಳಿ. ಆವಿ ಇಲ್ಲೂ 47ನೇ, ಅದೇನು ಎತ್ತರ ನೋಡಿ ರಿಯಾಯ್ತಿ ಕೊಡಲ್ಲ, ದೇಹದ ಶಾಖ ಎಲ್ಲಿದ್ರೂ 37 ತಾನೇ. ಉಳಿದಿದ್ದು 636, ಅದರ 21% ಸುಮಾರು 134, ಅದರಲ್ಲಿ 50 ಹೋದ್ರೆ 84. ಗಾಳಿಚೀಲದಿಂದ ಅಪಧಮನಿಗೆ ಬರೋ ಹೊತ್ತಿಗೆ ಆರೋಗ್ಯವಂತರಲ್ಲೂ ಇನ್ನೊಂದಿಷ್ಟು ಕಡಿಮೆ ಆಗೇ ಆಗುತ್ತೆ. ಹಾಗಾಗಿ 80 ಬಂದ್ರೆ ಬೆಂಗಳೂರಿಗೆ ಅದೇನು ಗಾಬರಿಯ ಸಂಖ್ಯೆ ಅಲ್ಲ, ರಕ್ತದ ಆಕ್ಸಿಜನ್ ಸ್ಯಾಚುರೇಷನ್ 95%ರ ಆಸುಪಾಸಲ್ಲೇ ಇರುತ್ತೆ. ರೋಗಿ ಹೇಗಿದ್ದಾರೆ ಅನ್ನೋ ತೀರ್ಮಾನ ಡಾಕ್ಟರದ್ದೇ, ಆದ್ರೆ ಗಾಳಿಚೀಲ ಮತ್ತು ರಕ್ತದ ನಡುವಿನ ವ್ಯತ್ಯಾಸ ತೆಗೆಯುವಾಗ 760 ಹಾಕಿದ್ರೆ 16 ಎಂಎಂ ಸುಮ್ಮಸುಮ್ಮನೆ ಜಾಸ್ತಿ ಬಂದು, ಇಲ್ಲದ ಕಾಯಿಲೆ ಕಾಣಿಸ್ಕೊಳ್ಳುತ್ತೆ. ಎಷ್ಟೋ ಬ್ಲಡ್ ಗ್ಯಾಸ್ ಮಷೀನ್‌ಗಳು ಆ ಹೊತ್ತಿನ ಹವೆಯ ಒತ್ತಡವನ್ನ ತಾವೇ ಅಳೆದು ರಿಪೋರ್ಟ್‌ನಲ್ಲಿ ಒಂದು ಮೂಲೇಲಿ ಪ್ರಿಂಟ್ ಮಾಡಿರ್ತವೆ, ಆ ಸಂಖ್ಯೇನೇ ತಗೊಳ್ಳಿ.

ಲೇಹ್‌ಗೆ ಹೋದೋರ ಕಥೆ ಇನ್ನೂ ಮಜಾ. 3,500 ಮೀಟರ್‌ನಲ್ಲಿ ಹೊರಗೆ ಸುಮಾರು 490. ಇದೇ ಲೆಕ್ಕ ಓಡಿಸಿದ್ರೆ ಗಾಳಿಚೀಲದಲ್ಲಿ 43 ಬರುತ್ತೆ, ಕಷ್ಟ ಕಷ್ಟ. ಅದಕ್ಕೇ ದೇಹ ಉಸಿರಾಟ ಜೋರು ಮಾಡಿ ಕಾರ್ಬನ್ ಡೈಆಕ್ಸೈಡ್‌ನ ಹೊರಗೆ ಹಾಕುತ್ತೆ, ಅದು 40ರಿಂದ 30ಕ್ಕೆ ಇಳಿದ್ರೆ ಕಳೆಯೋದು 37.5 ಆಗಿ ಆಕ್ಸಿಜನ್ 55ಕ್ಕೆ ಏರುತ್ತೆ. ಅಲ್ಲಿ ಮೆಟ್ಟಿಲು ಹತ್ತಿ ಏದುಸಿರು ಬಂತು ಅಂತ ಹೇಳೋರಿಗೆ ಈ 12 ಎಂಎಂ ತೋರಿಸಿ.

ಪ್ರಶ್ನೆ: ಪೆಟ್ರೋಲ್ ಬಂಕ್‌ನಲ್ಲಿ ಟೈರ್‌ಗೆ ನೈಟ್ರೋಜನ್ ಹಾಕ್ಸಿ ಸರ್, ಪ್ರೆಶರ್ ಏರಲ್ಲ ಇಳಿಯಲ್ಲ ಅಂತ ಹಸಿರು ಕ್ಯಾಪ್ ಹಾಕಿ ಕಳಿಸ್ತಾರೆ. ಒಳಗಿನ ಹಳೇ ಗಾಳಿ ಪೂರ್ತಿ ತೆಗೆಯೋದೂ ಇಲ್ಲ. ದುಡ್ಡು ದಂಡಾನಾ?
– ದಿನಾ ಔಟರ್ ರಿಂಗ್ ರೋಡ್‌ನಲ್ಲಿ ಓಡಾಡೋರು, ಮಾರತ್ತಹಳ್ಳಿ

ಉತ್ತರ: ಲೆಕ್ಕ ಹಾಕಿಯೇ ಬಿಡೋಣ. ಮೊದಲು ಒಂದು ಎಚ್ಚರಿಕೆ, ಗೇಜ್ 32 ಪಿಎಸ್‌ಐ ಅಂದ್ರೆ ಹೊರಗಿನ ಗಾಳಿಗಿಂತ 32 ಜಾಸ್ತಿ ಅಂತ. ಬೆಂಗಳೂರಲ್ಲಿ ಹೊರಗಿಂದು 13.2, ಹಾಗಾಗಿ ಒಳಗೆ ನಿಜವಾಗಿ ಇರೋದು 45.2. ಪಾರ್ಷಿಯಲ್ ಪ್ರೆಶರ್ ತೆಗೆಯೋಕೆ ಈ 45.2 ಬೇಕು, 32 ಇಟ್ಕೊಂಡು ಹೊರಟ್ರೆ ಶುರುವಲ್ಲೇ ದಾರಿ ತಪ್ಪುತ್ತೆ.

ಮಾಮೂಲಿ ಗಾಳಿ ತುಂಬಿದ್ರೆ ಆಕ್ಸಿಜನ್ ಪಾಲು 45.2ರ 21%, ಅಂದ್ರೆ 9.5 ಪಿಎಸ್‌ಐ. ಈಗ ಬಂಕ್ ಹುಡುಗ ವಾಲ್ವ್ ಬಿಟ್ಟು ಗಾಳಿ ಇಳಿಸ್ತಾನೆ, ಗೇಜ್ ಸೊನ್ನೆಗೆ ಬಂದ್ರೂ ಒಳಗೆ 13.2ರಷ್ಟು ಹಳೇ ಗಾಳಿ ಇದ್ದೇ ಇರುತ್ತೆ, ಅದರಲ್ಲಿ ಆಕ್ಸಿಜನ್ 2.8. ಅದರ ಮೇಲೆ 32 ಪಿಎಸ್‌ಐ ಶುದ್ಧ ನೈಟ್ರೋಜನ್ ತುಂಬಿದ್ರೂ ಆಕ್ಸಿಜನ್‌ನ ಪಾಲು ಆ 2.8ರಲ್ಲೇ ನಿಲ್ಲುತ್ತೆ, ಮೇಲಿನ ಹೀಲಿಯಂ ಪ್ರಶ್ನೇಲಿ ಹೇಳಿದ ವಿಷಯಾನೇ ಇದು. 45.2ರಲ್ಲಿ 2.8 ಅಂದ್ರೆ 6% ಮಾತ್ರ. ಹಾಗಾಗಿ ಹಳೇ ಗಾಳಿ ಪೂರ್ತಿ ತೆಗೆದಿಲ್ಲ ಅಂತ ಜಗಳಕ್ಕೆ ಹೋಗ್ಬೇಡಿ, ಒಂದ್ಸಲ ಪೂರ್ತಿ ಇಳಿಸಿದ್ರೆ ಸಾಕು. ಇನ್ನೊಂದು ವಿಶೇಷ ನೋಡಿ, ಹೊರಗಿನ ಗಾಳೀಲೂ ಆಕ್ಸಿಜನ್ 2.8ನೇ, ಒಳಗೂ 2.8, ಹಾಗಾಗಿ ಆಕ್ಸಿಜನ್ ಮಟ್ಟಿಗೆ ಸೋರೋಕೆ ಕಾರಣಾನೇ ಉಳಿಯಲ್ಲ. ರಬ್ಬರ್ ಒಳಗಿಂದ ಆಕ್ಸಿಜನ್ ನೈಟ್ರೋಜನ್‌ಗಿಂತ ಬೇಗ ನುಸುಳುತ್ತೆ ಅನ್ನೋದು ನಿಜ, ಹಾಗಾಗಿ ನಿಧಾನಕ್ಕೆ ಇಳಿಯುತ್ತೆ ಅನ್ನೋ ಮಾತಲ್ಲಿ ಸ್ವಲ್ಪ ಹುರುಳಿದೆ.

ಪ್ರೆಶರ್ ಏರಲ್ಲ ಅನ್ನೋದು ಮಾತ್ರ ಬುರುಡೆ. ಟೈರ್ 27 ಡಿಗ್ರಿಯಿಂದ 57 ಡಿಗ್ರಿಗೆ (ಕೆಲ್ವಿನ್‌ನಲ್ಲಿ 300ರಿಂದ 330ಕ್ಕೆ) ಕಾದ್ರೆ ಒಳಗಿಂದು 10% ಏರುತ್ತೆ, 45.2 ಇದ್ದಿದ್ದು 49.7 ಆಗಿ ಗೇಜ್ 36.5 ತೋರಿಸುತ್ತೆ, ಗಾಳಿಯಾದ್ರೂ ಅಷ್ಟೇ ನೈಟ್ರೋಜನ್ ಆದ್ರೂ ಅಷ್ಟೇ. ವ್ಯತ್ಯಾಸ ತರೋದು ನೀರು. ಮಳೆಗಾಲದಲ್ಲಿ ನೀರು ಬಸಿಯದ ಕಂಪ್ರೆಸರ್‌ನಿಂದ ಗಾಳಿ ತುಂಬಿಸಿ ಟೈರ್ ಒಳಗೆ ನಾಲ್ಕು ಹನಿ ನೀರು ಸೇರಿದ್ರೆ, ಅದರ ಆವಿ 27 ಡಿಗ್ರೀಲಿ ಅರ್ಧ ಪಿಎಸ್‌ಐ ಇದ್ದಿದ್ದು 57ರಲ್ಲಿ ಎರಡೂವರೆ ಆಗುತ್ತೆ. ಬಂಕ್‌ನ ನೈಟ್ರೋಜನ್ ಒಣಗಿರುತ್ತೆ, ಅದೇ ಅದರ ದೊಡ್ಡ ಗುಣ. ನನ್ನ ಕೇಳಿದ್ರೆ ಫ್ರೀ ಇದ್ರೆ ಹಾಕ್ಸಿ, ಇಲ್ಲಾಂದ್ರೆ ಮಾಮೂಲಿ ಗಾಳೀನೇ ಸಾಕು, ಬೆಳಗ್ಗೆ ಟೈರ್ ತಣ್ಣಗಿದ್ದಾಗ ಚೆಕ್ ಮಾಡ್ಸಿ.

ಪ್ರಶ್ನೆ: ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾಗೆ ಹೋಗ್ತಿದ್ದೀವಿ. ಸಿಲಿಂಡರ್‌ನಲ್ಲಿ ಪೂರ್ತಿ ಆಕ್ಸಿಜನ್ ಇದ್ರೆ ಇನ್ನೂ ಸೇಫ್ ಅಲ್ವಾ?
– ಐಟಿ ಉದ್ಯೋಗಿ, ವೈಟ್‌ಫೀಲ್ಡ್

ಉತ್ತರ: ಅಲ್ಲವೇ ಅಲ್ಲ. ನೀವು ಬೆನ್ನಿಗೆ ಕಟ್ಕೊಳ್ಳೋದು ಸಾಮಾನ್ಯವಾಗಿ ಒತ್ತಿ ತುಂಬಿದ ಬರೀ ಗಾಳಿ. ಸಮುದ್ರದಲ್ಲಿ 10 ಮೀಟರ್‌ಗೆ ಸುಮಾರು 1 ಬಾರ್ (ಹತ್ತತ್ರ 1 ಅಟ್ಮಾಸ್ಫಿಯರ್) ಏರುತ್ತೆ, ಮೇಲಿನ ಗಾಳಿಯ 1 ಸೇರಿಸಿದ್ರೆ 30 ಮೀಟರ್‌ನಲ್ಲಿ ಒಟ್ಟು 4 ಬಾರ್, ಗಾಳೀಲಿ ಆಕ್ಸಿಜನ್ ಪಾಲು 0.84. ಆಕ್ಸಿಜನ್ 1.4 ಬಾರ್ ದಾಟಬಾರದು ಅನ್ನೋದು ಡೈವಿಂಗ್‌ನಲ್ಲಿ ಪಾಲಿಸೋ ಮಿತಿ, ದಾಟಿದ್ರೆ ನೀರೊಳಗೇ ಫಿಟ್ಸ್ ಬರೋ ಅಪಾಯ. 32% ಆಕ್ಸಿಜನ್ ಇರೋ ನೈಟ್ರಾಕ್ಸ್ ಆದ್ರೆ 1.4 ಭಾಗಿಸು 0.32, ಅಂದ್ರೆ 4.4 ಬಾರ್, ಹೆಚ್ಚುಕಮ್ಮಿ 34 ಮೀಟರ್ ತನಕ ಓಕೆ. ಪೂರ್ತಿ ಆಕ್ಸಿಜನ್ ಆದ್ರೆ ಆ ಮಿತಿ 4 ಮೀಟರ್‌ಗೇ ಮುಗಿದುಹೋಗುತ್ತೆ.