ಎಲ್ಲರಿಗೂ ಒಂದೇ ವೈಫೈ ಪಾಸ್‌ವರ್ಡ್ ಸಾಕಾ?

ಪ್ರಶ್ನೆ: ನಮ್ಮ ಆಫೀಸಿನಲ್ಲಿ ಮೂವತ್ತೈದು ಜನ ಇದ್ದೇವೆ, ಎಲ್ಲರಿಗೂ ಒಂದೇ ವೈಫೈ ಪಾಸ್‌ವರ್ಡ್. ಒಬ್ಬರು ಕೆಲಸ ಬಿಟ್ಟರೆ ಅದನ್ನು ಬದಲಾಯಿಸಿ ಮತ್ತೆ ಎಲ್ಲರ ಫೋನು, ಲ್ಯಾಪ್‌ಟಾಪಿಗೆ ಹಾಕಬೇಕು. ಒಬ್ಬೊಬ್ಬರಿಗೂ ಬೇರೆ ಬೇರೆ ಯೂಸರ್‌ನೇಮ್ ಕೊಡಬಹುದಾ?

ಉತ್ತರ: ಕೊಡಬಹುದು. ಅಂದ ಹಾಗೆ, ಪ್ರತಿ ಸಲ ನಿಜವಾಗಲೂ ಬದಲಾಯಿಸುತ್ತಿದ್ದೀರಾ? ಹಾಗಿದ್ದರೆ ಮೆಚ್ಚಬೇಕು. ನಾನು ನೋಡಿದ ಎಷ್ಟೋ ಕಡೆ ವರ್ಷಗಳಿಂದ ಅದೇ ಪಾಸ್‌ವರ್ಡ್, ಅದೂ ಗೋಡೆ ಮೇಲೆ ಅಂಟಿಸಿದ ಚೀಟಿಯಲ್ಲಿ. ಇನ್ನೊಂದು ತೊಂದರೆಯೂ ಇದೆ. ಡಬ್ಲ್ಯೂಪಿಎ2ನಲ್ಲಿ (ವೈಫೈ ಸುರಕ್ಷತೆಯ ಒಂದು ಪದ್ಧತಿ) ಎಲ್ಲರದ್ದೂ ಒಂದೇ ಪಾಸ್‌ವರ್ಡ್ ಆದರೆ, ಅದು ಗೊತ್ತಿರುವ ಯಾರೇ ಆಗಲಿ ಪಕ್ಕದವರು ವೈಫೈಗೆ ಸೇರುವ ಗಳಿಗೆಯ ಮಾತುಕತೆಯನ್ನು ಹಿಡಿದಿಟ್ಟುಕೊಂಡು, ಆಮೇಲೆ ಅವರ ಡೇಟಾವನ್ನು ಬಿಚ್ಚಿ ನೋಡಬಹುದು.

ನಿಮಗೆ ಬೇಕಾಗಿರುವುದು ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಎಂಟರ್‌ಪ್ರೈಸ್. ಇಲ್ಲಿ ಆಕ್ಸೆಸ್ ಪಾಯಿಂಟ್, ಅಂದರೆ ವೈಫೈ ಹರಡುವ ಪೆಟ್ಟಿಗೆ, ತಾನಾಗಿ ಏನೂ ತೀರ್ಮಾನ ಮಾಡುವುದಿಲ್ಲ. ಬಂದವರ ಮಾತನ್ನು ಒಳಗಿರುವ ರೇಡಿಯಸ್ ಸರ್ವರ್‌ಗೆ (ಯಾರನ್ನು ಬಿಡಬೇಕು ಅಂತ ತೀರ್ಮಾನಿಸುವ ಕಂಪ್ಯೂಟರ್) ಮುಟ್ಟಿಸುತ್ತದೆ, ಅದು ಸೈ ಅಂದರೆ ಬಿಡುತ್ತದೆ. ಸೇರಿದ ಪ್ರತಿಯೊಬ್ಬರಿಗೂ ಬೇರೆ ಕೀ ಸಿಗುತ್ತದೆ. ಒಬ್ಬರು ಬಿಟ್ಟು ಹೋದರೆ ಅವರ ಖಾತೆ ಮುಚ್ಚಿದರೆ ಆಯಿತು, ಉಳಿದವರಿಗೆ ಗೊತ್ತೇ ಆಗುವುದಿಲ್ಲ.

ಮೂವತ್ತೈದು ಜನರಿಗೆ ಒಂದು ಹಳೆ ಕಂಪ್ಯೂಟರಿನಲ್ಲಿ ಲಿನಕ್ಸ್, ಅದರ ಮೇಲೆ ಫ್ರೀರೇಡಿಯಸ್ ಎಂಬ ರೇಡಿಯಸ್ ಸಾಫ್ಟ್‌ವೇರ್ ಧಾರಾಳವಾಗಿ ಸಾಕು, ಅದಕ್ಕೆ ದುಡ್ಡೂ ಕೊಡಬೇಕಿಲ್ಲ. ಆಕ್ಸೆಸ್ ಪಾಯಿಂಟ್‌ನಲ್ಲಿ ಸರ್ವರ್‌ನ ಐಪಿ, ಪೋರ್ಟ್ 1812, ಮತ್ತೆ ಇವೆರಡರ ನಡುವಿನ ಒಂದು ಗುಟ್ಟಿನ ಪದ ಹಾಕಬೇಕು. ಅದೇ ಪದವನ್ನು ಸರ್ವರ್ ಕಡೆ ಕ್ಲೈಂಟ್‌ಗಳ ಫೈಲಿನಲ್ಲೂ ಬರೆಯಬೇಕು. ಇಲ್ಲಿ 'ಕ್ಲೈಂಟ್' ಅಂದರೆ ನಿಮ್ಮ ಫೋನಲ್ಲ, ಆಕ್ಸೆಸ್ ಪಾಯಿಂಟ್. ಹೊಸಬರು ಎಡವುವ ಮೊದಲ ಜಾಗ ಇದೇ. ಎಂಟರ್‌ಪ್ರೈಸ್ ಗೊತ್ತಿಲ್ಲದ ಪ್ರಿಂಟರು, ಕ್ಯಾಮೆರಾಗಳಿಗೆ ಬೇರೆ ವೈಫೈ ಹೆಸರು ಇಟ್ಟು, ಅಲ್ಲಿಂದ ಉಳಿದದ್ದೇನೂ ಸಿಗದ ಹಾಗೆ ಕಟ್ಟಿಹಾಕಿ.

ಪ್ರಶ್ನೆ: ಸರ್, ಫ್ರೀರೇಡಿಯಸ್ ಹಾಕಿದ್ದೇನೆ. ಸರ್ವರ್‌ನಲ್ಲೇ ಕೂತು ರಾಡ್‌ಟೆಸ್ಟ್ ಎಂಬ ಪರೀಕ್ಷೆಯ ಕಮಾಂಡ್ ಓಡಿಸಿದರೆ 'ಆಕ್ಸೆಸ್-ಆಕ್ಸೆಪ್ಟ್' ಬರುತ್ತದೆ. ಫೋನಿನಿಂದ ಅದೇ ಯೂಸರ್‌ನೇಮ್, ಅದೇ ಪಾಸ್‌ವರ್ಡ್ ಕೊಟ್ಟರೆ ಸೇರಲ್ಲ. ಎರಡು ದಿನದಿಂದ ಒದ್ದಾಡುತ್ತಿದ್ದೇನೆ.

ಉತ್ತರ: ಇದೇ ಗುಂಡಿಗೆ ನಾನೂ ಬಿದ್ದಿದ್ದೇನೆ, ಅರ್ಧ ದಿನ ಹೋಯಿತು. ರಾಡ್‌ಟೆಸ್ಟ್ ಸುಮ್ನೆ ಪಾಸ್‌ವರ್ಡನ್ನೇ ಕಳಿಸುತ್ತದೆ, ಅದೂ ಸರ್ವರ್ ಒಳಗಿನಿಂದಲೇ. ಹಾಗಾಗಿ ಅದು ಪಾಸಾದರೆ ಯೂಸರ್ ಇದ್ದಾನೆ ಅಂತ ಗೊತ್ತಾಯಿತೇ ಹೊರತು, ಆಕ್ಸೆಸ್ ಪಾಯಿಂಟ್ ಬಗ್ಗೆಯಾಗಲಿ ಫೋನಿನ ಬಗ್ಗೆಯಾಗಲಿ ಏನೂ ಗೊತ್ತಾಗಲಿಲ್ಲ.

ಸರ್ವಿಸ್ ನಿಲ್ಲಿಸಿ, ಫ್ರೀರೇಡಿಯಸ್ಸನ್ನು ದೊಡ್ಡ ಎಕ್ಸ್ (-X) ಹಾಕಿ ಡಿಬಗ್ ಮೋಡಿನಲ್ಲಿ, ಅಂದರೆ ನಡೆಯುವುದೆಲ್ಲ ಪರದೆ ಮೇಲೆ ಕಾಣುವ ಹಾಗೆ, ಓಡಿಸಿ, ಆಮೇಲೆ ಫೋನಿನಿಂದ ಪ್ರಯತ್ನಿಸಿ. ಪರದೆ ಮೇಲೆ ಏನೂ ಬರಲಿಲ್ಲವಾ? ಪ್ಯಾಕೆಟ್ ಸರ್ವರ್‌ಗೆ ಮುಟ್ಟೇ ಇಲ್ಲ, ಫೈರ್‌ವಾಲ್‌ನಲ್ಲಿ ಯುಡಿಪಿ 1812 ನೋಡಿ. 'ಅನ್‌ನೋನ್ ಕ್ಲೈಂಟ್' ಅಂದರೆ ಆಕ್ಸೆಸ್ ಪಾಯಿಂಟ್‌ನ ಐಪಿಯನ್ನು ಕ್ಲೈಂಟ್‌ಗಳ ಫೈಲಿಗೆ ಸೇರಿಸಿಲ್ಲ. 'ಶೇರ್ಡ್ ಸೀಕ್ರೆಟ್ ಇನ್‌ಕರೆಕ್ಟ್' ಅಂದರೆ ಗುಟ್ಟಿನ ಪದ ಎರಡೂ ಕಡೆ ಒಂದೇ ಇಲ್ಲ. ಕಾಪಿ ಮಾಡುವಾಗ ಕೊನೆಯಲ್ಲಿ ಒಂದು ಸ್ಪೇಸ್ ಸೇರಿಕೊಂಡಿರುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ.

ಇದೆಲ್ಲ ಸರಿ ಇದ್ದು, ಮಾತುಕತೆ ಎಂಎಸ್‌ಚಾಪ್ (ಪಾಸ್‌ವರ್ಡನ್ನೇ ಕಳಿಸದೆ ಅದು ಗೊತ್ತಿದೆ ಅಂತ ತೋರಿಸುವ ವಿಧಾನ) ತನಕ ಬಂದು ಅಲ್ಲಿ ಬಿದ್ದರೆ ನಿಮ್ಮ ಪಾಸ್‌ವರ್ಡುಗಳು ಹೇಗೆ ಉಳಿದಿವೆ ಅಂತ ನೋಡಿ. ಫೋನುಗಳು ಸಾಮಾನ್ಯವಾಗಿ ಪಿಇಎಪಿ ಎಂಬ ಸುರಕ್ಷಿತ ಸುರಂಗದ ಒಳಗೆ ಎಂಎಸ್‌ಚಾಪ್‌ವಿ2 ಬಳಸುತ್ತವೆ. ಅದಕ್ಕೆ ಸರ್ವರ್ ಕಡೆ ಪಾಸ್‌ವರ್ಡ್ ಹಾಗೇ ಇರಬೇಕು, ಇಲ್ಲವೇ ಎನ್‌ಟಿ ಹ್ಯಾಶ್ (ಹ್ಯಾಶ್ ಅಂದರೆ ಪಾಸ್‌ವರ್ಡಿನಿಂದ ಲೆಕ್ಕ ಹಾಕಿ ತೆಗೆದ ಗುರುತು) ಇರಬೇಕು. ನೀವು ಬಿಕ್ರಿಪ್ಟ್ ಅಥವಾ ಶಾ ಹ್ಯಾಶ್ ಇಟ್ಟಿದ್ದರೆ ತಲೆಕೆಳಗಾಗಿ ನಿಂತರೂ ಆಗುವುದಿಲ್ಲ. ಆಗ ಟಿಟಿಎಲ್‌ಎಸ್ ಎಂಬ ಇನ್ನೊಂದು ಸುರಂಗದ ಒಳಗೆ ಪ್ಯಾಪ್ (ಪಾಸ್‌ವರ್ಡನ್ನೇ ಕಳಿಸುವ ವಿಧಾನ) ಬಳಸಿ. ನನ್ನನ್ನು ಕೇಳಿದರೆ, ಆಫೀಸೇ ಕೊಟ್ಟ ಲ್ಯಾಪ್‌ಟಾಪುಗಳಾದರೆ ಪಾಸ್‌ವರ್ಡ್ ಸಹವಾಸವೇ ಬೇಡ, ಇಎಪಿ-ಟಿಎಲ್‌ಎಸ್ ಮಾಡಿ, ಒಂದೊಂದಕ್ಕೂ ಸರ್ಟಿಫಿಕೇಟ್ (ಡಿಜಿಟಲ್ ಗುರುತಿನ ಚೀಟಿ) ಹಾಕಿಬಿಡಿ. ಶುರುವಿನಲ್ಲಿ ಕೆಲಸ ಜಾಸ್ತಿ, ನಿಜ.

ಪ್ರಶ್ನೆ: ಮೊದಲೆಲ್ಲ ಆಂಡ್ರಾಯ್ಡ್ ಫೋನಿನಲ್ಲಿ ಸಿಎ (ಉಳಿದ ಸರ್ಟಿಫಿಕೇಟುಗಳಿಗೆ ಸಹಿ ಹಾಕುವ ಮೂಲ) ಸರ್ಟಿಫಿಕೇಟ್ ಕೇಳಿದರೆ 'ಡು ನಾಟ್ ವ್ಯಾಲಿಡೇಟ್' (ಪರಿಶೀಲಿಸಬೇಡ) ಒತ್ತಿ ಅಂತ ಎಲ್ಲರಿಗೂ ಹೇಳುತ್ತಿದ್ದೆ. ಹೊಸ ಫೋನುಗಳಲ್ಲಿ ಅದು ಕಾಣುತ್ತಿಲ್ಲ, ಡೊಮೈನ್ ಬೇರೆ ಕೇಳುತ್ತದೆ.

ಉತ್ತರ: ಹೋಗಿದ್ದೇ ಒಳ್ಳೆಯದಾಯಿತು! ಆಂಡ್ರಾಯ್ಡ್ 11ರ 2020ರ ಡಿಸೆಂಬರ್ ಅಪ್‌ಡೇಟಿನಿಂದ ಪಿಕ್ಸೆಲ್ ಫೋನುಗಳಲ್ಲಿ ಅದನ್ನು ತೆಗೆದರು, ಆಮೇಲೆ ಬೇರೆ ಫೋನುಗಳಿಗೂ ಬಂತು. ಪಾಸ್‌ವರ್ಡ್ ಸರಿ ಇದೆಯಾ ಅಂತ ಸರ್ವರ್ ನೋಡುತ್ತದೆ, ಸರಿ. ಆದರೆ ಆ ಸರ್ವರ್ ನಮ್ಮದೇನಾ ಅಂತ ಫೋನು ನೋಡಬೇಡವಾ? ನಿಮ್ಮ ವೈಫೈ ಹೆಸರನ್ನೇ ಇಟ್ಟುಕೊಂಡು ಯಾರೋ ಒಬ್ಬರು ಬಾಗಿಲಾಚೆ ಒಂದು ಆಕ್ಸೆಸ್ ಪಾಯಿಂಟ್ ಹಚ್ಚಿದರೆ, 'ಡು ನಾಟ್ ವ್ಯಾಲಿಡೇಟ್' ಒತ್ತಿದ ಫೋನು ಜೇಬಿನಲ್ಲಿದ್ದುಕೊಂಡೇ ಅದಕ್ಕೆ ಸೇರಲು ಹೋಗುತ್ತದೆ. ಎಂಎಸ್‌ಚಾಪ್‌ವಿ2 ಉತ್ತರ ಕೈಗೆ ಸಿಕ್ಕರೆ ಒಂದು ದಿನದೊಳಗೆ ಅದನ್ನು ಒಡೆಯಬಹುದು ಅಂತ 2012ರ ಡೆಫ್‌ಕಾನ್ ಹ್ಯಾಕರ್‌ಗಳ ಸಮ್ಮೇಳನದಲ್ಲೇ ತೋರಿಸಿದ್ದಾರೆ. ಟಿಟಿಎಲ್‌ಎಸ್-ಪ್ಯಾಪ್ ಆದರೆ ಒಡೆಯುವ ಕೆಲಸವೂ ಇಲ್ಲ, ಪಾಸ್‌ವರ್ಡ್ ಹಾಗೇ ಸಿಗುತ್ತದೆ.

ಡೊಮೈನ್ ಜಾಗದಲ್ಲಿ ರೇಡಿಯಸ್ ಸರ್ವರ್‌ನ ಸರ್ಟಿಫಿಕೇಟ್‌ನಲ್ಲಿರುವ ಹೆಸರು ಬರೆಯಿರಿ, ವೈಫೈ ಹೆಸರಲ್ಲ. ನಿಮ್ಮದೇ ಸಿಎ ಆದರೆ ಅದರ ಸರ್ಟಿಫಿಕೇಟನ್ನು ಮೊದಲು ಫೋನಿಗೆ ಹಾಕಿ. ಇಷ್ಟನ್ನೂ ಎಲ್ಲರ ಕೈಲಿ ಟೈಪ್ ಮಾಡಿಸಿದರೆ ಅರ್ಧ ಜನ ತಪ್ಪು ಮಾಡುತ್ತಾರೆ, ಒಂದು ಪ್ರೊಫೈಲ್ (ಈ ಸೆಟ್ಟಿಂಗುಗಳೆಲ್ಲ ಇರುವ ಫೈಲು) ಮಾಡಿ ಹಂಚಿ.

ಪ್ರಶ್ನೆ: ಎರಡು ತಿಂಗಳು ಚೆನ್ನಾಗಿ ನಡೆಯಿತು. ಇವತ್ತು ಬೆಳಿಗ್ಗೆಯಿಂದ ಒಬ್ಬರಿಗೂ ವೈಫೈ ಸೇರುತ್ತಿಲ್ಲ, ಯಾವ ಸೆಟ್ಟಿಂಗನ್ನೂ ನಾನು ಮುಟ್ಟಿಲ್ಲ.

ಉತ್ತರ: ಫ್ರೀರೇಡಿಯಸ್ ಜೊತೆ ಬರುವ ಸ್ಕ್ರಿಪ್ಟಿನಿಂದಲೇ ಸರ್ಟಿಫಿಕೇಟ್ ಮಾಡಿಕೊಂಡಿದ್ದೀರಿ, ಅಲ್ವಾ? ಅವು ಪರೀಕ್ಷೆಗೆ ಅಂತ ಇರುವವು, ಏನೂ ಬದಲಾಯಿಸದಿದ್ದರೆ ಆಯಸ್ಸು 60 ದಿನ. ಹೊಸದಾಗಿ ಮಾಡುವ ಮೊದಲು ಅದರ ಸೆಟ್ಟಿಂಗ್ ಫೈಲಿನಲ್ಲಿ ದಿನಗಳನ್ನು ಹೆಚ್ಚಿಸಿ. ಸಿಎ ಸರ್ಟಿಫಿಕೇಟ್‌ಗೆ ಹತ್ತು ವರ್ಷ ಕೊಟ್ಟರೂ ಪರವಾಗಿಲ್ಲ. ಈ ಸಲ ಆಯಸ್ಸು ಮುಗಿದ ಸಿಎ ಕೂಡ ಬದಲಾಗುವುದರಿಂದ ಎಲ್ಲರ ಫೋನನ್ನೂ ಒಮ್ಮೆ ಮುಟ್ಟಲೇಬೇಕು, ತಪ್ಪಿದ್ದಲ್ಲ.