ಹೆಸರಾಂತ ಶೆಫ್‌ಗಳೂ ‘ಟಾಪ್ ಶೆಫ್ ಮಾಸ್ಟರ್ಸ್’ ಟಿವಿ ಅಡುಗೆ ಸ್ಪರ್ಧೆಯ ಮೊದಲ ಸೀಸನ್‌ನಲ್ಲಿ ಸಣ್ಣಪುಟ್ಟ ಅಡುಗೆಗೆ ಯಾಕೆ ಒದ್ದಾಡಿದರು?

ನೀವು ಕೇಳಿರುವುದು ಎರಡು ಮಾತು. ಮೂವತ್ತು ವರ್ಷ ಸೌಟು ಹಿಡಿದವರು ಪಾಸ್ತಾ ಬೇಯಿಸಲು ಪರದಾಡುವುದು ಟಿವಿಗಾಗಿ ಮಾಡಿದ ನಾಟಕವೇ ಎಂಬುದು ಒಂದು. ಮನೆಯಲ್ಲಿ ಅಡುಗೆ ಮಾಡುವವರಿಗೆ ಅದರಿಂದ ಕಲಿಯಲು ಏನಾದರೂ ಇದೆಯೇ ಎಂಬುದು ಇನ್ನೊಂದು.

ನಾಟಕವಲ್ಲ. ದೊಡ್ಡ ರೆಸ್ಟೋರೆಂಟಿನಲ್ಲಿ ಸಂಜೆ ಬಾಗಿಲು ತೆರೆಯುವ ಹೊತ್ತಿಗೆ ಮುಕ್ಕಾಲು ಅಡುಗೆ ಮುಗಿದಿರುತ್ತದೆ. ಸ್ಟಾಕ್ (ಮೂಳೆ, ತರಕಾರಿ ಬೇಯಿಸಿ ತೆಗೆದ ರಸ) ಕುದಿದು ಸೋಸಿರುತ್ತದೆ, ಈರುಳ್ಳಿ ಹೆಚ್ಚಿರುತ್ತದೆ, ಮಾಂಸ ತೂಕ ಹಾಕಿ ತುಂಡಾಗಿರುತ್ತದೆ. ಸೂ ಶೆಫ್ ಎಂಬ ಎರಡನೇ ಶೆಫ್, ಕಮಿ ಎಂಬ ಕಿರಿಯ ಅಡುಗೆಯವರು ಒಲೆ ನೋಡಿಕೊಳ್ಳುತ್ತಾರೆ. ದೊಡ್ಡ ಶೆಫ್ ರುಚಿ ನೋಡಿ ತಟ್ಟೆ ಹೊರಗೆ ಕಳಿಸುತ್ತಾರೆ. ಈ ಸ್ಪರ್ಧೆ ಅದೆಲ್ಲವನ್ನೂ ಕಿತ್ತುಕೊಂಡಿತು. ಬೆಳ್ಳುಳ್ಳಿ ಸುಲಿಯುವುದರಿಂದ ಹಿಡಿದು ಎಲ್ಲವೂ ಅವರದೇ ಕೈಯಿಂದ, ಅದೂ ಗುರುತು ಪರಿಚಯವಿಲ್ಲದ ಒಲೆಯ ಮುಂದೆ.

ಅಮೆರಿಕದ ಬ್ರಾವೋ ವಾಹಿನಿಯಲ್ಲಿ 2009ರ ಜೂನ್‌ನಲ್ಲಿ ಶುರುವಾದ ಈ ಸೀಸನ್‌ನ ಲೆಕ್ಕ ಹೀಗಿತ್ತು. 24 ಶೆಫ್‌ಗಳು, ನಾಲ್ಕು ನಾಲ್ಕು ಜನರ ಆರು ಸುತ್ತು, ಗೆದ್ದ ಆರು ಜನ ಮುಂದಿನ ಹಂತಕ್ಕೆ. ಆ ಆರು ಸುತ್ತಿನ ಪ್ರತಿ ಕಂತಿನಲ್ಲಿ ಮೊದಲು ಬರುವ ‘ಕ್ವಿಕ್‌ಫೈರ್’ ಎಂಬ ಚುಟುಕು ಅಡುಗೆ ಸವಾಲಿಗೆ 5 ನಕ್ಷತ್ರ. ಮುಖ್ಯ ಅಡುಗೆಗೆ ಊಟ ಮಾಡಿದವರಿಂದ 5. ಗೇಲ್ ಗ್ರೀನ್, ಜೇಮ್ಸ್ ಓಸ್‌ಲ್ಯಾಂಡ್, ಜೇ ರೇನರ್ ಎಂಬ ಮೂವರು ವಿಮರ್ಶಕರಿಂದ ತಲಾ 5. ಒಟ್ಟು 25. ಈ ಲೆಕ್ಕ ನನಗೆ ತುಂಬಾ ಇಷ್ಟ, ಏಕೆಂದರೆ ಮೊದಲ ಅರ್ಧ ಗಂಟೆಯಲ್ಲಿ ಕಳೆದುಕೊಂಡ ಎರಡು ನಕ್ಷತ್ರ ಕೊನೆಯವರೆಗೂ ಬೆನ್ನು ಬಿಡುವುದಿಲ್ಲ. ಗೆದ್ದ ಹಣ ಶೆಫ್‌ಗೆ ಅಲ್ಲ, ಅವರು ಆರಿಸಿದ ಸೇವಾಸಂಸ್ಥೆಗೆ: ಅಂತಿಮ ವಿಜೇತರ ಪಾಲು 1 ಲಕ್ಷ ಡಾಲರ್.

ನೀವು ಹೇಳಿದ ಪಾಸ್ತಾ ಮೊದಲ ಕಂತಿನದು. ಕಾಲೇಜು ಹಾಸ್ಟೆಲ್ ಕೋಣೆಯಲ್ಲಿ ಮೈಕ್ರೋವೇವ್, ಟೋಸ್ಟರ್ ಓವನ್, ಹಾಟ್‌ಪ್ಲೇಟ್ ಇಟ್ಟುಕೊಂಡು ಮೂರು ಬಗೆಯ ಊಟ ಮಾಡಬೇಕಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ‘ಫ್ಲೂರ್ ದ ಲೀಸ್’ ನಡೆಸುತ್ತಿದ್ದ ಹ್ಯೂಬರ್ಟ್ ಕೆಲರ್ ಬೆಂದ ಪಾಸ್ತಾವನ್ನು ಬಚ್ಚಲುಮನೆಗೆ ಒಯ್ದು ಶವರ್ ತಣ್ಣೀರಿನ ಕೆಳಗೆ ಹಿಡಿದರು. ನೋಡಲು ತಮಾಷೆ ಅನಿಸಬಹುದು, ಆದರೆ ಆ ಕೋಣೆಯಲ್ಲಿ ಅದಕ್ಕಿಂತ ಸರಿಯಾದ ದಾರಿ ಇರಲಿಲ್ಲ.

ಅಮೆರಿಕದಲ್ಲಿ ಸಾಮಾನ್ಯ ವಿದ್ಯುತ್ ಲೈನ್ 120 ವೋಲ್ಟ್, 15 ಆಂಪಿಯರ್. ಅಂದರೆ ಒಂದು ಲೈನ್‌ನಿಂದ ಒಟ್ಟು 1800 ವ್ಯಾಟ್ ಮಾತ್ರ ಸಿಗುತ್ತದೆ. ಹಾಟ್‌ಪ್ಲೇಟ್ ಒಂದೇ 1000ದಿಂದ 1500 ವ್ಯಾಟ್ ಎಳೆಯುತ್ತದೆ. ಅದೇ ಲೈನ್‌ನಲ್ಲಿ ಟೋಸ್ಟರ್ ಓವನ್ ಹಾಕಿದರೆ ಬ್ರೇಕರ್ ಬೀಳುತ್ತದೆ. 1500 ವ್ಯಾಟ್ ಪ್ಲೇಟಿನ ಮೇಲೆ 4 ಲೀಟರ್ ನೀರು ಕುದಿಯಲು ಸುಮಾರು 20 ನಿಮಿಷ ಬೇಕು. ಪಾಸ್ತಾ ಸುರಿದ ಕೂಡಲೇ ಕುದಿ ನಿಲ್ಲುತ್ತದೆ, ಮತ್ತೆ ಕುದಿ ಬರುವಷ್ಟರಲ್ಲಿ ಪಾಸ್ತಾ ಹೊರಗೆ ಅಂಟಂಟು, ಒಳಗೆ ಗಟ್ಟಿ. ಆದ್ದರಿಂದ ಬಡಿಸುವ ಹೊತ್ತಿಗೆ ಬೇಯಿಸುತ್ತೇನೆ ಎಂದು ಕೂತರೆ ಕೆಟ್ಟಿತು. ಮೊದಲೇ ಬೇಯಿಸಬೇಕು, ಪ್ಯಾಕೆಟ್ ಮೇಲಿನ ಸಮಯಕ್ಕಿಂತ 2 ನಿಮಿಷ ಮುಂಚೆ ಇಳಿಸಬೇಕು, ಒಳಗಿನ ಶಾಖ ಬೇಯಿಸುತ್ತಲೇ ಹೋಗದಂತೆ ಹರಿಯುವ ತಣ್ಣೀರಿನಲ್ಲಿ ಆರಿಸಬೇಕು, ಒಂದು ಚಮಚ ಎಣ್ಣೆ ಸವರಿ ಇಡಬೇಕು. ಉಳಿದ ಬೇಯುವಿಕೆ ಬಿಸಿ ಸಾಸಿನಲ್ಲಿ.

ಪಾಸ್ತಾ ತೊಳೆಯಬಾರದು ಎನ್ನುತ್ತಾರಲ್ಲ ಎಂದು ನೀವು ಕೇಳಬಹುದು. ಎಣ್ಣೆ ಅಥವಾ ಟೊಮೆಟೊ ಸಾಸಿಗೆ ಆ ಮಾತು ಸರಿ, ಮೇಲಿನ ಗಂಜಿಯೇ ಸಾಸನ್ನು ಹಿಡಿದಿಡುತ್ತದೆ. ಕೆಲರ್ ಮಾಡಿದ್ದು ಸಿಗಡಿ ಹಾಕಿದ ಮ್ಯಾಕ್ ಅಂಡ್ ಚೀಸ್. ಅಂಥದಕ್ಕೆ ಮೈದಾ ಹಾಕಿದ ಬಿಳಿ ಸಾಸ್ ಮಾಡಿಕೊಂಡರೆ ಹಿಡಿತಕ್ಕೆ ಅದೇ ಸಾಕು. ಮನೆಯಲ್ಲಿ ಮಾಡುವುದಾದರೆ 250 ಗ್ರಾಂ ಒಣ ಮ್ಯಾಕರೋನಿಗೆ ಬೆಣ್ಣೆ 30 ಗ್ರಾಂ, ಮೈದಾ 30 ಗ್ರಾಂ, ಹಾಲು ಅರ್ಧ ಲೀಟರ್, ತುರಿದ ಚೀಸ್ 200 ಗ್ರಾಂ. ಮೈದಾದ ಹಸಿ ವಾಸನೆ ಹೋಗುವವರೆಗೆ ಬೆಣ್ಣೆಯಲ್ಲಿ ಹುರಿದು, ಹಾಲನ್ನು ಮೂರು ಸಲಕ್ಕೆ ಸುರಿದು ಕುದಿಸಿ, ಒಲೆ ಆರಿಸಿದ ಮೇಲೆಯೇ ಚೀಸ್ ಹಾಕಿ. ಕುದಿಯುವ ಸಾಸಿಗೆ ಚೀಸ್ ಬಿದ್ದರೆ ಅದರ ಪ್ರೋಟೀನ್ ಮುದುಡಿ ಕೊಬ್ಬು ಬೇರೆಯಾಗುತ್ತದೆ: ಮೇಲೆ ಎಣ್ಣೆ ತೇಲುತ್ತದೆ, ಕೆಳಗೆ ಮರಳು ಮರಳು. ಮತ್ತೆ ಬಿಸಿ ಮಾಡುವಾಗ ಮೈಕ್ರೋವೇವ್ ಅರ್ಧ ಪವರ್‌ನಲ್ಲಿರಲಿ, ನಡುವೆ ಕಲಕುತ್ತಿರಿ.

ಅದೇ ಕಂತಿನಲ್ಲಿ ಇನ್ನೊಬ್ಬ ಸ್ಪರ್ಧಿ ಟಿಮ್ ಲವ್ ತಾವು ತಂದ ಸಾಮಾನನ್ನು ರಾತ್ರಿ ಫ್ರಿಜ್ ಬದಲು ಫ್ರೀಜರಿನಲ್ಲಿಟ್ಟು, ಬೆಳಗ್ಗೆ ನೋಡಿದರೆ ಕಲ್ಲಾಗಿತ್ತು. ನೀರಿನಂಶ ಮಂಜಾಗುವಾಗ ಹರಳುಗಳು ಸೊಪ್ಪಿನ ಜೀವಕೋಶ ಸೀಳಿಬಿಡುತ್ತವೆ. ಕರಗಿದ ಮೇಲೆ ಎಲೆ ಜೋಲುಬಿದ್ದು ನೀರು ಬಿಡುತ್ತದೆ. ಅದನ್ನು ಮತ್ತೆ ಸಲಾಡ್ ಮಾಡಲಾಗದು. ಸೂಪಿಗೆ, ಕುದಿಸುವ ಸಾರಿಗೆ, ಅರೆಯುವ ಚಟ್ನಿಗೆ ಮಾತ್ರ ಬರುತ್ತದೆ. ಇಂಥ ಹೊತ್ತಿನಲ್ಲಿ ಮೊದಲು ಬರೆದುಕೊಂಡ ಮೆನುವಿಗೆ ಜೋತುಬಿದ್ದವರು ಸೋಲುತ್ತಾರೆ.

ಮೂರನೇ ಕಂತು ನನ್ನ ಪ್ರಕಾರ ಇಡೀ ಸೀಸನ್‌ನಲ್ಲೇ ಒಳ್ಳೆಯದು. ನಾಲಿಗೆ, ಹೃದಯ, ಜಠರ, ಹಂದಿಯ ಕಿವಿಯಿಂದ ಬೀದಿ ತಿಂಡಿ ಮಾಡಬೇಕಿತ್ತು. ರಿಕ್ ಬೇಲೆಸ್‌ಗೆ ನಾಲಿಗೆ ಬಂತು, ಟಾಕೋ ಮಾಡಿ ಗೆದ್ದರು. ದನದ ನಾಲಿಗೆ ಸಾದಾ ಪಾತ್ರೆಯಲ್ಲಿ ಬೇಯಲು ಮೂರು ಗಂಟೆಯಾದರೂ ಬೇಕು, ಪ್ರೆಷರ್ ಕುಕ್ಕರಿನಲ್ಲಿ ಒಂದು ಗಂಟೆ. ಮೇಲಿನ ಒರಟು ಚರ್ಮವನ್ನು ಬಿಸಿ ಇರುವಾಗಲೇ ಸುಲಿಯಬೇಕು. ಆರಿತೋ, ಮಾಂಸವನ್ನೇ ಕಿತ್ತುಕೊಂಡು ಬರುತ್ತದೆ. ಫ್ರೆಂಚ್ ಶೆಫ್ ಲೂಡೋ ಲೆಫೆವ್ರ್ ಹಂದಿಯ ಕಿವಿಯಿಂದ ಕೆಸಡಿಯಾ (ಚೀಸ್ ತುಂಬಿ ಮಡಚಿದ ರೊಟ್ಟಿ) ಮಾಡಿದರು. ಮೆಕ್ಸಿಕನ್ ಅಡುಗೆಯನ್ನೇ ಉಸಿರಾಡುವ ಬೇಲೆಸ್ ಪಕ್ಕದಲ್ಲಿ ನಿಂತು ಮೆಕ್ಸಿಕನ್ ತಿಂಡಿ! ಕಿವಿಯ ಮೃದ್ವಸ್ಥಿ ಪೂರ್ತಿ ಮೆತ್ತಗಾಗಿ, ಆಮೇಲೆ ಗರಿಗರಿಯಾಗಿ ಕರಿದರೆ ಮಾತ್ರ ಚೆನ್ನ. ಚೀಸ್ ಜೊತೆ ರೊಟ್ಟಿಯೊಳಗೆ ಮಡಚಿದರೆ ಹಬೆಗೆ ಆ ಗರಿ ಹೋಗಿ ಜಗಿಯುವುದಷ್ಟೇ ಉಳಿಯುತ್ತದೆ.

ಕೊನೆಗೆ ಉಳಿದವರು ಬೇಲೆಸ್, ಕೆಲರ್, ಮೈಕಲ್ ಕಿಯರೆಲೊ. ಫೈನಲ್‌ನಲ್ಲಿ ತಮ್ಮ ಬದುಕನ್ನು ನಾಲ್ಕು ಬಗೆಯಲ್ಲಿ ಬಡಿಸಬೇಕಿತ್ತು. ಬೇಲೆಸ್ ಹುಟ್ಟಿದ್ದು ಓಕ್ಲಹೋಮದಲ್ಲಿ ಬಾರ್ಬೆಕ್ಯೂ ಹೋಟೆಲ್ ನಡೆಸುತ್ತಿದ್ದ ಮನೆಯಲ್ಲಿ. ಅಲ್ಲಿಂದ ಶುರುಮಾಡಿ ಮೆಕ್ಸಿಕೋದ ಓಹಾಕಾ ಪ್ರಾಂತ್ಯದ ಕಪ್ಪು ಮೋಲೆ ಎಂಬ ದಪ್ಪ ಸಾಸಿಗೆ ಬಂದರು. ಆ ಮೋಲೆಗೆ ಇಪ್ಪತ್ತಕ್ಕೂ ಹೆಚ್ಚು ಸಾಮಾನು. ಒಣಮೆಣಸಿನಕಾಯಿಯ ಬೀಜ ತೆಗೆದು ಎಣ್ಣೆಯಲ್ಲಿ ಬಹುತೇಕ ಕಪ್ಪಾಗುವವರೆಗೆ ಹುರಿದು, ನೆನೆಸಿ, ಅರೆದು ಸೋಸಬೇಕು. ಸಾರಿನ ಪುಡಿಗೆ ಬ್ಯಾಡಗಿ ಹುರಿದವರಿಗೆ ಆ ಅಪಾಯ ಗೊತ್ತು: ಘಮ ಮತ್ತು ಕಹಿಯ ನಡುವೆ ಕೆಲವೇ ಸೆಕೆಂಡು. ಅರೆದ ಮೆಣಸನ್ನು ಕೊಬ್ಬಿನಲ್ಲಿ ಬಾಡಿಸಿ ಗಟ್ಟಿಯಾದ ಮೇಲೆ ಉಳಿದ ಎಳ್ಳು, ಬೀಜ, ಟೊಮೆಟೊಗಳ ರುಬ್ಬು, ನಂತರ ಸ್ಟಾಕ್, ಗಂಟೆಗಟ್ಟಲೆ ಸಣ್ಣ ಉರಿ. ಚಾಕೊಲೇಟ್, ಸಕ್ಕರೆ ಕಡೆಗೆ. ಸ್ಪರ್ಧೆಯಲ್ಲಿ ಹೊಸದಾಗಿ ಯೋಚಿಸಿ ಮಾಡುವ ಅಡುಗೆ ಅಲ್ಲ ಅದು, ವರ್ಷಾನುಗಟ್ಟಲೆ ಮಾಡಿದವರಿಗೆ ಮಾತ್ರ ಕೈಗೆ ಹತ್ತುವಂಥದ್ದು. ಬೇಲೆಸ್ ಗೆದ್ದದ್ದು ಇದರಿಂದಲೇ ಎಂಬುದು ನನ್ನ ಖಚಿತ ಅಭಿಪ್ರಾಯ: ಯಾವ ಸವಾಲು ಕೊಟ್ಟರೂ ಅವರು ತಮ್ಮ ಅಡುಗೆ ಬಿಟ್ಟು ಆಚೆ ಹೋಗಲಿಲ್ಲ.

ಮುಂದೆ 2011ರ ಮೂರನೇ ಸೀಸನ್‌ನಲ್ಲೂ ಹೀಗೇ ಆಯಿತು. ಮುಂಬೈಯಲ್ಲಿ ಹುಟ್ಟಿದ ಫ್ಲಾಯ್ಡ್ ಕಾರ್ಡೋಜ್ ಫೈನಲ್‌ನಲ್ಲಿ ಕಾಡು ಅಣಬೆ ಹಾಕಿ ಬಡಿಸಿದ್ದು ನಮ್ಮ ಉಪ್ಪಿಟ್ಟನ್ನು. ಗೆದ್ದರು ಕೂಡ.

ಸಮಯ ಕಡಿಮೆ ಇದ್ದರೆ ಒಂದು, ಮೂರು ಮತ್ತು ಫೈನಲ್ ನೋಡಿ. ತೀರ್ಪಿನ ಮಾತಿಗಿಂತ ಮೊದಲ ಹತ್ತು ನಿಮಿಷ ಯಾರ ಒಲೆ ಮೇಲೆ ಏನು ಏರಿತು ಎಂಬುದನ್ನು ಗಮನಿಸಿ.