ಲೀಸ್‌ಹೋಲ್ಡ್ ಫ್ಲಾಟಿಗೆ ಹೆಂಡತಿಯ ಹೆಸರು ಸೇರಿಸಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಮದುವೆಗೆ ಮುಂಚೆ ಇಲ್ಲೊಂದು ಲೀಸ್‌ಹೋಲ್ಡ್ ಫ್ಲಾಟ್ ತೆಗೆದುಕೊಂಡೆ. ಪತ್ರದಲ್ಲಿ ಹೆಸರು ನನ್ನದೊಂದೇ. ಈಗ ಅದರ ಬೆಲೆ ಸುಮಾರು 3 ಲಕ್ಷ 10 ಸಾವಿರ ಪೌಂಡ್. ಬ್ಯಾಂಕ್ ಸಾಲ 2 ಲಕ್ಷ 10 ಸಾವಿರ ಬಾಕಿ ಇದೆ. ಹೆಂಡತಿಯ ಹೆಸರನ್ನೂ ಸೇರಿಸಬೇಕು ಅಂತಿದ್ದೇನೆ. ಅವಳ ಹೆಸರಲ್ಲಿ ಬೆಂಗಳೂರಿನಲ್ಲಿ ಒಂದು ಫ್ಲಾಟ್ ಇದೆ. ಅದರಿಂದ ಇಲ್ಲಿ ಜಾಸ್ತಿ ತೆರಿಗೆ ಬೀಳುತ್ತೆ ಅಂತ ಸ್ನೇಹಿತರು ಹೆದರಿಸಿದ್ದಾರೆ. ಊರಲ್ಲಾದರೆ ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ದಾನಪತ್ರ ಮಾಡಿಸಿಬಿಡಬಹುದಿತ್ತು. ಇಲ್ಲಿ ಹೇಗೆ?

ಉತ್ತರ: ಮೊದಲು ನಿಮ್ಮ ಲೀಸ್ ಪತ್ರ ಹುಡುಕಿ ತೆಗೆಯಿರಿ. ಸಾಲಿಸಿಟರ್‌ಗೆ (ಇಂಥ ಪತ್ರ ವ್ಯವಹಾರ ನೋಡುವ ವಕೀಲರಿಗೆ) ಫೋನ್ ಮಾಡುವುದಕ್ಕೂ ಮುಂಚೆ. ಪತ್ರ ಕಳೆದುಹೋಗಿದ್ದರೆ, ಆಸ್ತಿ ಒಡೆತನದ ದಾಖಲೆ ಇಡುವ ಸರ್ಕಾರಿ ಕಚೇರಿಯಾದ ಲ್ಯಾಂಡ್ ರಿಜಿಸ್ಟ್ರಿಯಿಂದ ಪ್ರತಿ ತರಿಸಬಹುದು. ನಿಮ್ಮ ಕೈಯಲ್ಲಿರುವುದು ಇಷ್ಟು ವರ್ಷದ ಅವಧಿಗೆ ಸಿಕ್ಕ ಹಕ್ಕು. ಕಟ್ಟಡದ ಒಡೆತನ ಫ್ರೀಹೋಲ್ಡರ್‌ದು. ಆ ಹಕ್ಕನ್ನು ಇನ್ನೊಬ್ಬರ ಹೆಸರಿಗೆ ಮಾಡುವಾಗ ಏನೇನು ಮಾಡಬೇಕು ಅನ್ನುವುದು ಆ ಪತ್ರದಲ್ಲೇ ಇರುತ್ತದೆ.

ಕೆಲವು ಲೀಸ್‌ಗಳಲ್ಲಿ ವರ್ಗಾವಣೆ ಆದ ಮೇಲೆ ಒಂದು ತಿಂಗಳೊಳಗೆ ಫ್ರೀಹೋಲ್ಡರ್‌ಗೆ ನೋಟಿಸ್ ಕೊಟ್ಟು ಫೀ ಕಟ್ಟಿದರೆ ಸಾಕು. ಕೆಲವದರಲ್ಲಿ ಮೊದಲೇ ಒಪ್ಪಿಗೆ ಬೇಕು. ಇನ್ನು ಕೆಲವದರಲ್ಲಿ ಹೊಸ ಮಾಲೀಕರು ‘ಲೀಸಿನ ಷರತ್ತು ಪಾಲಿಸುತ್ತೇನೆ’ ಅಂತ ಪ್ರತ್ಯೇಕ ಮುಚ್ಚಳಿಕೆ ಬರೆದುಕೊಡಬೇಕು. ಹೆಂಡತಿಯೇ ಆದರೂ ಇದು ತಪ್ಪುವುದಿಲ್ಲ. ಲ್ಯಾಂಡ್ ರಿಜಿಸ್ಟ್ರಿಯ ದಾಖಲೆಯಲ್ಲಿ ನಿಮ್ಮ ಫ್ಲಾಟಿನ ವಿವರವನ್ನೂ ನೋಡಿ. ಮ್ಯಾನೇಜ್‌ಮೆಂಟ್ ಕಂಪನಿಯ ಸರ್ಟಿಫಿಕೇಟ್ ಇಲ್ಲದೆ ಹೆಸರು ಬದಲಿಸುವಂತಿಲ್ಲ ಅನ್ನುವ ನಿರ್ಬಂಧ ಅಲ್ಲಿದ್ದರೆ, ಅದು ಕೈಗೆ ಬರುವ ತನಕ ಕೆಲಸ ಮುಂದೆ ಹೋಗುವುದಿಲ್ಲ. ಸರ್ವಿಸ್ ಚಾರ್ಜ್ (ಕಟ್ಟಡದ ನಿರ್ವಹಣೆಗೆ ಕಟ್ಟುವ ದುಡ್ಡು) ಬಾಕಿ ಇಟ್ಟುಕೊಂಡಿದ್ದರೆ ಸರ್ಟಿಫಿಕೇಟ್ ಅಲ್ಲೇ ನಿಂತುಬಿಡುತ್ತದೆ. ಮೊದಲು ಬಾಕಿ ತೀರಿಸಿ.

ಒಪ್ಪಿಗೆ ಕೊಡಲು ಬಾಯಿಗೆ ಬಂದಷ್ಟು ಫೀ ಕೇಳಿದರೆ ಸುಮ್ನೆ ಕಟ್ಟಬೇಡಿ. ಮೊತ್ತವನ್ನು ಲೀಸಿನಲ್ಲೇ ನಿಗದಿ ಮಾಡಿಲ್ಲದಿದ್ದರೆ, ಇಂಥ ಫೀ ನ್ಯಾಯವಾದ ಮಟ್ಟದಲ್ಲಿರಬೇಕು ಅಂತ 2002ರ ಲೀಸ್‌ಹೋಲ್ಡ್ ಸುಧಾರಣಾ ಕಾಯಿದೆ ಹೇಳುತ್ತದೆ. ಇಂಥ ತಕರಾರು ಕೇಳುವ ಫಸ್ಟ್-ಟಿಯರ್ ಟ್ರಿಬ್ಯೂನಲ್‌ನಲ್ಲಿ ಪ್ರಶ್ನಿಸಬಹುದು. ಫ್ಲಾಟಿನ ಜೊತೆಗೆ ಫ್ರೀಹೋಲ್ಡ್ ಕಂಪನಿಯಲ್ಲಿ (ಕಟ್ಟಡದ ಒಡೆತನ ಇರುವ ಕಂಪನಿಯಲ್ಲಿ) ನಿಮಗೊಂದು ಷೇರೂ ಇದ್ದರೆ ಅದಕ್ಕೂ ಪತ್ನಿಯ ಹೆಸರು ಸೇರಿಸಿ. ಎಷ್ಟೋ ಜನ ಇದನ್ನು ಮರೆಯುತ್ತಾರೆ. ಮುಂದೆ ಮಾರುವಾಗ ಗೊತ್ತಾಗುತ್ತದೆ.

ಎರಡನೆಯದು ಬ್ಯಾಂಕು. ಸಾಲ ಇರುವ ತನಕ ಅವರ ಲಿಖಿತ ಒಪ್ಪಿಗೆ ಬೇಕೇ ಬೇಕು. ಸಾಮಾನ್ಯವಾಗಿ ಅವರು ಪತ್ನಿಯನ್ನೂ ಸಾಲಗಾರರನ್ನಾಗಿ ಸೇರಿಸುತ್ತಾರೆ. ಅವರ ಆದಾಯ, ಕ್ರೆಡಿಟ್ ಹಿಸ್ಟರಿ, ವೀಸಾ ಎಲ್ಲ ನೋಡುತ್ತಾರೆ. ಈಚೆಗಷ್ಟೇ ಡಿಪೆಂಡೆಂಟ್ ವೀಸಾದಲ್ಲಿ ಬಂದವರಾದರೆ ಕೆಲವು ಬ್ಯಾಂಕುಗಳು ಹಿಂದೆ ಮುಂದೆ ನೋಡುವುದುಂಟು. ಆಗ ಬೇರೆ ಬ್ಯಾಂಕಿಗೆ ಹೋಗೋಣ ಅಂತ ಅವಸರ ಮಾಡಬೇಡಿ. ಫಿಕ್ಸೆಡ್ ದರದ ಅವಧಿ ಮುಗಿಯುವ ಮುಂಚೆ ಸಾಲ ಬಿಟ್ಟರೆ ದಂಡ ಬೀಳಬಹುದು. ಅವಧಿ ಮುಗಿಯುವ ಹೊತ್ತಿಗೆ, ಹೊಸ ಡೀಲ್ ಮಾಡುವಾಗಲೇ ಹೆಸರು ಸೇರಿಸಿದರೆ ಒಳ್ಳೆಯದು.

ಈಗ ನಿಮ್ಮ ಸ್ನೇಹಿತರು ಹೆದರಿಸಿದ ತೆರಿಗೆ. ಅವರು ಹೇಳಿದ್ದರಲ್ಲಿ ಅರ್ಧ ನಿಜ. ಇಂಗ್ಲೆಂಡಿನಲ್ಲಿ ಎರಡನೇ ಮನೆ ಕೊಂಡರೆ ಮಾಮೂಲಿ ಸ್ಟ್ಯಾಂಪ್ ಡ್ಯೂಟಿಯ ಜೊತೆಗೆ ಬೆಲೆಯ ಶೇ 5 ಹೆಚ್ಚುವರಿ ಇದೆ. ಆ ಲೆಕ್ಕಕ್ಕೆ ಬೆಂಗಳೂರಿನ ಫ್ಲಾಟೂ ಬರುತ್ತದೆ. ಆದರೆ ಜೊತೆಯಲ್ಲಿ ಬಾಳುತ್ತಿರುವ ಗಂಡ ಹೆಂಡತಿ ಒಬ್ಬರಿಂದ ಇನ್ನೊಬ್ಬರಿಗೆ ಪಾಲು ಕೊಟ್ಟರೆ ಈ ಹೆಚ್ಚುವರಿ ತೆರಿಗೆ ಇಲ್ಲ. 2017ರ ನವೆಂಬರ್‌ನಿಂದ ಈ ವಿನಾಯಿತಿ ಇದೆ.

ಮಾಮೂಲಿ ಸ್ಟ್ಯಾಂಪ್ ಡ್ಯೂಟಿ ಮಾತ್ರ ನೋಡಬೇಕು. ನೀವು ದುಡ್ಡು ತೆಗೆದುಕೊಳ್ಳದೆ ಪಾಲು ಕೊಟ್ಟರೂ, ಪತ್ನಿ ಹೊತ್ತುಕೊಳ್ಳುವ ಸಾಲದ ಭಾಗವನ್ನು ಅವರು ಕೊಟ್ಟ ಬೆಲೆ ಅಂತಲೇ ಎಣಿಸುತ್ತಾರೆ. ಅರ್ಧ ಪಾಲು ಕೊಟ್ಟರೆ ಅದು 1 ಲಕ್ಷ 5 ಸಾವಿರ ಪೌಂಡ್. ಏಪ್ರಿಲ್ 2025ರಿಂದ ತೆರಿಗೆ ಶುರುವಾಗುವುದು 1 ಲಕ್ಷ 25 ಸಾವಿರದ ಮೇಲೆ. ಹಾಗಾಗಿ ನಿಮಗೆ ತೆರಿಗೆ ಬರುವುದಿಲ್ಲ. ಸಾಲ 2 ಲಕ್ಷ 80 ಸಾವಿರ ಇದ್ದಿದ್ದರೆ ಅರ್ಧ 1 ಲಕ್ಷ 40 ಸಾವಿರ ಆಗಿ, ಮೇಲಿನ 15 ಸಾವಿರಕ್ಕೆ ಶೇ 2ರಂತೆ 300 ಪೌಂಡ್ ಕಟ್ಟಬೇಕಿತ್ತು. ತೆರಿಗೆ ಇಲ್ಲ ಅಂತ ಸುಮ್ಮನಿರಬೇಡಿ. ಪತ್ನಿ ಹೊತ್ತುಕೊಳ್ಳುವ ಸಾಲದ ಭಾಗ 40 ಸಾವಿರ ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ತೆರಿಗೆ ಸೊನ್ನೆಯಾದರೂ 14 ದಿನದೊಳಗೆ ರಿಟರ್ನ್ ಸಲ್ಲಿಸಬೇಕು. ಜೊತೆಯಲ್ಲಿರುವ ದಂಪತಿ ಪಾಲು ವರ್ಗಾಯಿಸಿದಾಗ ಕ್ಯಾಪಿಟಲ್ ಗೇನ್ಸ್ ತೆರಿಗೆ ಕಟ್ಟುವ ಪ್ರಶ್ನೆ ಬರುವುದಿಲ್ಲ. (ವೇಲ್ಸ್‌ನಲ್ಲಿರುವವರಿಗೆ ಸ್ಟ್ಯಾಂಪ್ ಡ್ಯೂಟಿಯ ಬದಲು ಬೇರೆಯೇ ತೆರಿಗೆ ಇದೆ. ಈ ಲೆಕ್ಕ ಅವರಿಗೆ ಹೊಂದುವುದಿಲ್ಲ.)

ಇನ್ನು ಪತ್ರ. ದಾನಪತ್ರದ ಜಾಗದಲ್ಲಿ ಇಲ್ಲಿ ಟಿಆರ್1 ಅನ್ನುವ ಫಾರಂ. ಕೊಡುವವರ ಜಾಗದಲ್ಲಿ ನಿಮ್ಮ ಹೆಸರು, ಪಡೆಯುವವರ ಜಾಗದಲ್ಲಿ ನಿಮ್ಮಿಬ್ಬರ ಹೆಸರು. ಯಾವ ಆಫೀಸಿಗೂ ಹೋಗಿ ಹೆಬ್ಬೆಟ್ಟು ಒತ್ತಬೇಕಿಲ್ಲ. ಸಹಿ ಮಾಡಿದ ಮೇಲೆ ಎಪಿ1 ಅರ್ಜಿಯ ಜೊತೆ ಲ್ಯಾಂಡ್ ರಿಜಿಸ್ಟ್ರಿಗೆ ಹೋಗುತ್ತದೆ. ಒಬ್ಬರ ಸಹಿಗೆ ಇನ್ನೊಬ್ಬರು ಸಾಕ್ಷಿ ಹಾಕುವಂತಿಲ್ಲ. ಪಕ್ಕದ ಮನೆಯವರನ್ನೋ ಸಹೋದ್ಯೋಗಿಯನ್ನೋ ಕರೆಯಿರಿ. ಪತ್ನಿ ಆ ಹೊತ್ತಿಗೆ ಮೈಸೂರಿನಲ್ಲಿದ್ದರೆ ಅಲ್ಲೇ ಸಹಿ ಮಾಡಬಹುದು. ಆದರೆ ಸಾಕ್ಷಿ ಎದುರಿಗೇ ಇರಬೇಕು, ವಿಡಿಯೋ ಕಾಲ್ ನಡೆಯುವುದಿಲ್ಲ.

ಆ ಫಾರಂನ 10ನೇ ಅಂಕಣಕ್ಕೆ ಬಂದಾಗ ದಯವಿಟ್ಟು ಪೆನ್ನು ಕೆಳಗಿಡಿ. ‘ಎಲ್ಲಿ ಟಿಕ್ ಮಾಡಲಿ’ ಅಂತ ಸಾಲಿಸಿಟರ್‌ನ ಕೇಳಿ ಅವರು ಹೇಳಿದಲ್ಲಿ ಟಿಕ್ ಹಾಕುವವರೇ ಜಾಸ್ತಿ. ಇಡೀ ವ್ಯವಹಾರದಲ್ಲಿ ನೀವಿಬ್ಬರೂ ಕೂತು ಮಾತಾಡಿ ತೀರ್ಮಾನ ಮಾಡಬೇಕಾದ್ದು ಇದೊಂದೇ. ‘ಜಾಯಿಂಟ್ ಟೆನೆಂಟ್ಸ್’ ಅಂತ ಹಾಕಿದರೆ ಇಡೀ ಫ್ಲಾಟು ಇಬ್ಬರಿಗೂ ಒಟ್ಟಾಗಿ ಸೇರಿದ್ದು. ಒಬ್ಬರು ತೀರಿಕೊಂಡರೆ ಉಳಿದವರಿಗೆ ತಾನಾಗಿ ಬರುತ್ತದೆ. ವಿಲ್‌ನಲ್ಲಿ ಬೇರೆ ಏನು ಬರೆದಿದ್ದರೂ ಲೆಕ್ಕಕ್ಕಿಲ್ಲ. ‘ಟೆನೆಂಟ್ಸ್ ಇನ್ ಕಾಮನ್’ ಆದರೆ ಒಬ್ಬೊಬ್ಬರಿಗೂ ಇಂತಿಷ್ಟು ಪಾಲು. ಅರ್ಧರ್ಧವೇ ಆಗಬೇಕೆಂದಿಲ್ಲ. ತೀರಿಕೊಂಡವರ ಪಾಲು ಅವರ ವಿಲ್ ಪ್ರಕಾರ ಹೋಗುತ್ತದೆ.

ಹೆಚ್ಚಿನ ದಂಪತಿಗೆ ಮೊದಲನೆಯದೇ ಸರಿ. ಆದರೆ ಫ್ಲಾಟಿನ ಡಿಪಾಸಿಟ್ಟಿಗೆ ನಿಮ್ಮ ಅಪ್ಪ ಅಮ್ಮ ಊರಿನ ಸೈಟು ಮಾರಿ ದುಡ್ಡು ಕಳಿಸಿದ್ದರೆ, ಅಥವಾ ಯಾರಿಗಾದರೂ ಮೊದಲ ಮದುವೆಯಿಂದ ಮಕ್ಕಳಿದ್ದರೆ, ಎರಡನೆಯದನ್ನು ಯೋಚಿಸಿ. ಅಪ್ಪ ಅಮ್ಮ ಕೊಟ್ಟಿದ್ದರೆ ಇನ್ನೊಂದು ಮಾತು. ‘ಇದು ಉಡುಗೊರೆ, ಮನೆಯಲ್ಲಿ ನಮಗೆ ಪಾಲಿಲ್ಲ’ ಅಂತ ಆಗ ಬ್ಯಾಂಕು ಅವರಿಂದ ಬರೆಸಿಕೊಂಡಿರುತ್ತದೆ. ಆ ಕಾಗದ ಹುಡುಕಿ ಸಾಲಿಸಿಟರ್‌ಗೆ ತೋರಿಸಿ. ಪಾಲು ಹೆಚ್ಚು ಕಡಿಮೆ ಇದ್ದರೆ ಅದನ್ನು ಟ್ರಸ್ಟ್ ಡೀಡ್‌ನಲ್ಲಿ (ಯಾರ ಪಾಲು ಎಷ್ಟು ಅಂತ ದಾಖಲಿಸುವ ಪತ್ರದಲ್ಲಿ) ಬರೆಸಿ. ಇಂಗ್ಲೆಂಡ್ ಕಾನೂನಿನಲ್ಲಿ ಮದುವೆಯಾದರೆ ಹಳೆಯ ವಿಲ್ ಸಾಮಾನ್ಯವಾಗಿ ರದ್ದಾಗುತ್ತದೆ. ಮುಂಚೆ ಬರೆದಿಟ್ಟಿದ್ದರೆ ಹೊಸದು ಬರೆಸಬೇಕು.

ನಿಮ್ಮ ಪತ್ನಿಗೂ ಒಂದು ಮಾತು ಹೇಳಬೇಕು. ಹೆಸರು ಸೇರಿದ ದಿನದಿಂದ ಸಾಲ, ಗ್ರೌಂಡ್ ರೆಂಟ್ (ಫ್ರೀಹೋಲ್ಡರ್‌ಗೆ ಕಟ್ಟುವ ನೆಲಬಾಡಿಗೆ), ಸರ್ವಿಸ್ ಚಾರ್ಜ್ ಎಲ್ಲಕ್ಕೂ ಇಬ್ಬರೂ ಹೊಣೆ. ಅರ್ಧ ಸಾಲ ಮಾತ್ರ ನನ್ನದು ಅನ್ನುವ ಹಾಗಿಲ್ಲ, ಪೂರ್ತಿ ಸಾಲವನ್ನೂ ಬ್ಯಾಂಕು ಒಬ್ಬರಿಂದಲೇ ವಸೂಲಿ ಮಾಡಬಹುದು. ಅವರು ಬೇಕಾದರೆ ತಮ್ಮದೇ ಸಾಲಿಸಿಟರ್ ಹತ್ತಿರ ಕೇಳಿ ತಿಳಿದುಕೊಳ್ಳಲಿ, ಅದನ್ನು ಅಪನಂಬಿಕೆ ಅಂತ ತಿಳಿಯಬೇಡಿ. ಲೀಸಿನಲ್ಲಿ ಇನ್ನೆಷ್ಟು ವರ್ಷ ಉಳಿದಿದೆ ಅನ್ನುವುದನ್ನೂ ಅವರಿಗೆ ತೋರಿಸಿ. 80 ವರ್ಷಕ್ಕಿಂತ ಕೆಳಗಿಳಿದರೆ ಅವಧಿ ವಿಸ್ತರಿಸುವ ಖರ್ಚು ಏರುತ್ತದೆ. ಮುಂಚೆ ವಿಸ್ತರಣೆ ಕೇಳಲು ಎರಡು ವರ್ಷ ಮಾಲೀಕರಾಗಿರಬೇಕಿತ್ತು. 2025ರ ಜನವರಿ 31ರಿಂದ ಆ ನಿಯಮ ಇಲ್ಲ.

ಪ್ರಶ್ನೆ: ನಾವು ಸ್ಲೌದಲ್ಲಿ ಇರುವ ಫ್ಲಾಟ್ ಗಂಡನ ಹೆಸರಲ್ಲಿ ಮಾತ್ರ ಇದೆ. ಹೆಸರು ಸೇರಿಸಲು ಬ್ಯಾಂಕು ಈಗ ಒಪ್ಪುತ್ತಿಲ್ಲ. ಅಲ್ಲಿಯವರೆಗೆ ನನಗೆ ಯಾವ ರಕ್ಷಣೆಯೂ ಇಲ್ಲವೇ?

ಉತ್ತರ: ಇದೆ, ತಾಯಿ. ಪತ್ರದಲ್ಲಿ ಹೆಸರಿಲ್ಲದಿದ್ದರೂ ಸಂಸಾರ ನಡೆಸುವ ಮನೆಯಲ್ಲಿ ಇರುವ ಹಕ್ಕನ್ನು 1996ರ ಫ್ಯಾಮಿಲಿ ಲಾ ಕಾಯಿದೆ ನಿಮಗೆ ಕೊಟ್ಟಿದೆ. ಕೋರ್ಟ್ ಆದೇಶ ಇಲ್ಲದೆ ಗಂಡ ನಿಮ್ಮನ್ನು ಹೊರಗೆ ಹಾಕುವಂತಿಲ್ಲ. ಎಚ್ಆರ್1 ಫಾರಂ ತುಂಬಿ ಲ್ಯಾಂಡ್ ರಿಜಿಸ್ಟ್ರಿಗೆ ಕಳಿಸಿದರೆ ಈ ಹಕ್ಕು ಅಲ್ಲಿ ದಾಖಲಾಗುತ್ತದೆ. ಆಮೇಲೆ ಫ್ಲಾಟ್ ಕೊಳ್ಳಲು ಬರುವವರಿಗೆ ಅದು ಕಣ್ಣಿಗೆ ಬೀಳುತ್ತದೆ. ಇದರಿಂದ ನಿಮಗೆ ಪಾಲು ಬರುವುದಿಲ್ಲ, ಇರುವ ಹಕ್ಕು ಮಾತ್ರ ಭದ್ರವಾಗುತ್ತದೆ. ಫೀ ಇಲ್ಲ, ಗಂಡನ ಸಹಿಯೂ ಬೇಕಿಲ್ಲ. ಆದರೆ ದಾಖಲಾದ ಮೇಲೆ ಲ್ಯಾಂಡ್ ರಿಜಿಸ್ಟ್ರಿ ಅವರಿಗೆ ಪತ್ರ ಬರೆದು ತಿಳಿಸುತ್ತದೆ. ಮನೆಯಲ್ಲಿ ಎಲ್ಲ ಚೆನ್ನಾಗಿದ್ದರೆ ಮೊದಲೇ ಹೇಳಿಬಿಡಿ. ಹೇಳುವ ಪರಿಸ್ಥಿತಿ ಇಲ್ಲದಿದ್ದರೆ, ಆ ಪತ್ರ ಬರುವುದು ಗೊತ್ತಿಟ್ಟುಕೊಂಡು, ಮೊದಲು ಕುಟುಂಬ ಕಾನೂನಿನ ಸಾಲಿಸಿಟರ್ ಜೊತೆ ಮಾತಾಡಿ ಫಾರಂ ಕಳಿಸಿ.